ಸಂಜೆಯ ಮಕ್ಕಳ ಕೂಟ: ಆರೈಕೆಯನ್ನು ಅಳೆಯುವ ಬಗೆ

ಬಿಸಿಯನ್ನು ಅಳೆಯಲು ಉಷ್ಣಮಾಪಕವುಂಟು, ತೂಕವನ್ನು ಅಳೆಯಲು ತಕ್ಕಡಿಯುಂಟು, ಬಿದ್ದ ಮಳೆಯನ್ನು ಅಳೆಯಲು ಮಳೆಮಾಪಕವುಂಟು. ಇಪ್ಪತ್ತು ಮಂದಿ ಚಿಕ್ಕ ಮಕ್ಕಳನ್ನು ಸಂಜೆಯ ಹೊತ್ತು ನೋಡಿಕೊಳ್ಳುವ ಒಂದು ಕೋಣೆಯಲ್ಲಿ ಆರೈಕೆ ಚೆನ್ನಾಗಿ ನಡೆಯುತ್ತಿದೆಯೇ ಇಲ್ಲವೇ ಎಂಬುದನ್ನು ಅಳೆಯಲು ಏನುಂಟು? ಹೀಗೆ ಕೇಳಿದೊಡನೆ ಹಲವರು, ಪ್ರೀತಿಯನ್ನು ಅಳೆಯಲಾದೀತೆ ಎಂದು ನಗುವರು. ಪ್ರೀತಿಯನ್ನು ಅಳೆಯಲಾಗದೆಂಬುದನ್ನು ನಾವೂ ಒಪ್ಪುತ್ತೇವೆ. ಆದರೆ ಪ್ರೀತಿಯುಳ್ಳ ಹೆಂಗಸಿನ ಮಾತು ಮಗುವಿನ ಕಿವಿಯನ್ನು ಮುಟ್ಟುವುದೋ ಇಲ್ಲವೋ ಎಂಬುದನ್ನು ಅಳೆಯಬಹುದು. ಅದು ಭೌತಶಾಸ್ತ್ರದ ವಿಷಯ. ಮಾತು ಮುಟ್ಟದ ಕಡೆ ಪ್ರೀತಿಯಾದರೂ ಹೇಗೆ ಮುಟ್ಟೀತು?

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ತೊಗರ್ಸಿಯಂಥ ಒಂದು ಊರನ್ನು ಕಣ್ಣ ಮುಂದೆ ಇಟ್ಟುಕೊಂಡು ಈ ವಿಷಯವನ್ನು ಪರಿಶೀಲಿಸೋಣ. ಶಿಕಾರಿಪುರ, ಸೊರಬದ ಈ ಸೀಮೆಯಲ್ಲಿ ಶಾಲೆ ಬಿಡುವುದು ಸಾಯಂಕಾಲ ನಾಲ್ಕರ ಸುಮಾರಿಗೆ. ನಾಟಿಯ ಕಾಲದಲ್ಲಿ ತಾಯಿ ಗದ್ದೆಯಿಂದ ಮನೆಗೆ ಬರುವಾಗ ಕತ್ತಲಾಗಿರುತ್ತದೆ. ಅಡಿಕೆ ಸುಲಿಯುವ ಕಾಲ ಬಂದರೆ ಕತ್ತಲಾದ ಮೇಲೂ ಕೆಲಸ ಮುಗಿಯದು. ಹಿಂದೆ ಈ ಎರಡೂವರೆ ಗಂಟೆಯ ಕಾಲವನ್ನು ಅಜ್ಜಿ ನೋಡಿಕೊಳ್ಳುತ್ತಿದ್ದಳು. ಸಂಸಾರಗಳು ಚಿಕ್ಕವಾಗಿ, ಅಜ್ಜಿ ಒಂದೂರಿನಲ್ಲಿ, ಮೊಮ್ಮಗು ಇನ್ನೊಂದೂರಿನಲ್ಲಿ ಆದಂದಿನಿಂದ ಆ ಹೊತ್ತಿಗೆ ಹೇಳುವವರು ಕೇಳುವವರು ಇಲ್ಲದಂತಾಗಿದೆ. ಎಂಟು ವರ್ಷದ ಅಕ್ಕ ನಾಲ್ಕು ವರ್ಷದ ತಮ್ಮನನ್ನು ಸೊಂಟದ ಮೇಲೆ ಹೊತ್ತುಕೊಂಡು ತಿರುಗುವ ಚಿತ್ರ ನಮಗೆಲ್ಲ ಪರಿಚಿತವಾದದ್ದೇ.

ಇದು ಬರಿಯ ಅನುಕೂಲದ ಮಾತಲ್ಲ. ಕೆರೆಗಳು ದಟ್ಟವಾಗಿರುವ ಸೀಮೆ ಇದು. ಅದರ ಮೇಲೆ, 2014ರಲ್ಲಿ ಆರಂಭವಾದ ಕೃಷಿಭಾಗ್ಯ ಯೋಜನೆಯಿಂದ ರಾಜ್ಯದಲ್ಲಿ ಕೃಷಿ ಹೊಂಡಗಳು ಹೆಚ್ಚಿದುವು. ಹೊಂಡಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿದ್ದರೆ ಅದರ ಇಳಿಜಾರು ಎಷ್ಟು ಜಾರುವುದೆಂದರೆ, ಒಳಗೆ ಬಿದ್ದ ಮಗು ತಾನಾಗಿ ಮೇಲಕ್ಕೆ ಹತ್ತುವುದು ಅಸಾಧ್ಯವೆಂದೇ ಹೇಳಬೇಕು. ನೆರೆಯ ಬಾಂಗ್ಲಾದೇಶದಲ್ಲಿ ಹಳ್ಳಿಯ ಚಿಕ್ಕ ಮಕ್ಕಳು ನೀರಿಗೆ ಬಿದ್ದು ಸಾಯುವುದು ಹೆಚ್ಚಾಗಿ ಬೆಳಗಿನ 9ರಿಂದ ಮಧ್ಯಾಹ್ನ 1ರವರೆಗೆ, ಎಂದರೆ ತಾಯಂದಿರು ಕೆಲಸದಲ್ಲಿ ಮುಳುಗಿರುವ ಹೊತ್ತಿನಲ್ಲಿ, ಎಂದು ಕಂಡುಬಂದಿತು. ಸರಿಯಾಗಿ ಆ ಹೊತ್ತಿಗೆ ಮಕ್ಕಳನ್ನು ಕೂಡಿಸಿಕೊಳ್ಳುವ ‘ಆಂಚಲ್’ ಎಂಬ ಶಿಶುಕೇಂದ್ರಗಳನ್ನು ಅಲ್ಲಿ ತೆರೆದರು. ಕೇಂದ್ರಕ್ಕೆ ಬರುತ್ತಿದ್ದ ಮಕ್ಕಳಲ್ಲಿ ಇಂಥ ಸಾವು ನೂರಕ್ಕೆ 80ಕ್ಕಿಂತಲೂ ಹೆಚ್ಚು ಪಾಲು ಇಳಿಯಿತು. ಇದಕ್ಕೆ ಔಷಧವೂ ಯಂತ್ರವೂ ಬೇಕಾಗಲಿಲ್ಲ. ತಕ್ಕ ಹೊತ್ತಿನಲ್ಲಿ ಮಗುವಿನ ಮೇಲೆ ಒಂದು ಜೊತೆ ಕಣ್ಣಿದ್ದರೆ ಸಾಕಾಯಿತು.

ಇತರರ ಮಕ್ಕಳನ್ನು ಊರೇ ಸೇರಿ ನೋಡಿಕೊಳ್ಳುವುದು ನಮ್ಮ ನಾಡಿಗೆ ಹೊಸದಲ್ಲ. ಇದೇ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿದ್ದ ಕೋಡಿಯ ಮಠವು ವಿದ್ಯೆಗೆ ನೆಲೆಯಾಗಿದ್ದುದಲ್ಲದೆ ದೀನರಿಗೆ ಅನ್ನವನ್ನೂ ರೋಗಿಗಳಿಗೆ ಔಷಧವನ್ನೂ ಕೊಡುವ ಸ್ಥಳವಾಗಿತ್ತೆಂದು 1162ರ ಶಾಸನ ಹೇಳುತ್ತದೆ. ನಮ್ಮ ಕಾಲಕ್ಕೆ ಬಂದರೆ, ‘ಸರಸ್ವತಿ’ ಪತ್ರಿಕೆಯ ಸಂಪಾದಕಿಯಾಗಿದ್ದ ಆರ್. ಕಲ್ಯಾಣಮ್ಮನವರು 1938ರಲ್ಲಿ ಬೆಂಗಳೂರಿನಲ್ಲಿ ಮಕ್ಕಳ ಕೂಟವನ್ನು ಸ್ಥಾಪಿಸಿದರು. ತಾರಾಬಾಯಿ ಮೋಡಕರು 1945ರಲ್ಲಿ ಬೋರ್ಡಿಯಲ್ಲಿ ಹಳ್ಳಿಯ ಮಕ್ಕಳಿಗಾಗಿ ಆರಂಭಿಸಿದ ಕೆಲಸದಿಂದ ಅಂಗನವಾಡಿಯ ಕಲ್ಪನೆ ಬೆಳೆಯಿತು. 1975ರ ಅಕ್ಟೋಬರ್ 2ರಂದು ಅದು ರಾಷ್ಟ್ರದ ಯೋಜನೆಯಾಯಿತು. ಕರ್ನಾಟಕದಲ್ಲಿ 2020ರಲ್ಲಿ ‘ಓದುವ ಬೆಳಕು’ ಎಂಬ ಕಾರ್ಯಕ್ರಮ ಗ್ರಾಮ ಪಂಚಾಯಿತಿ ಗ್ರಂಥಾಲಯಗಳ ಬಾಗಿಲನ್ನು ಮಕ್ಕಳಿಗೆ ತೆರೆಯಿತು. 2023ರಲ್ಲಿ, ಕೂಲಿಗೆ ಹೋಗುವ ತಾಯಂದಿರ ಕೂಸುಗಳಿಗಾಗಿ 4000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಗಳನ್ನು ತೆರೆಯುವುದಾಗಿ ಸರ್ಕಾರ ಪ್ರಕಟಿಸಿತು. ಶಾಲೆ ಬಿಟ್ಟ ಮೇಲೆ ಮೂರರಿಂದ ಎಂಟು ವರ್ಷದ ಮಕ್ಕಳಿಗೆ ಒಂದು ನೆಲೆ ಒದಗಿಸುವುದು ಮಾತ್ರ ಇವುಗಳಲ್ಲಿ ಯಾವುದರ ಮುಖ್ಯ ಉದ್ದೇಶವೂ ಅಲ್ಲ. ಆದುದರಿಂದ ಒಂದು ಊರಿನವರು ತಾವೇ ಸೇರಿ ಇಂಥ ಕೂಟವನ್ನು ತೆರೆಯಹೊರಟರೆಂದು ಭಾವಿಸೋಣ. ಒಂದು ಕೋಣೆ ಸಿಕ್ಕಿದೆ. ಅದರ ಉದ್ದ 6 ಮೀಟರು, ಅಗಲ 5 ಮೀಟರು, ಎತ್ತರ 3.5 ಮೀಟರು. ಗೋಡೆಗೆ ಸಿಮೆಂಟು ಗಾರೆ, ನೆಲಕ್ಕೂ ಸಿಮೆಂಟು, ಎದುರುಬದುರು ಗೋಡೆಗಳಲ್ಲಿ ಎರಡೆರಡು ಕಿಟಕಿ. ಮಕ್ಕಳು 20 ಮಂದಿ, ನೋಡಿಕೊಳ್ಳುವ ಹೆಂಗಸರು ಇಬ್ಬರು.

ಮೊದಲು ಗಾಳಿಯನ್ನು ನೋಡೋಣ. ಕೋಣೆಯ ಗಾತ್ರ 105 ಘನ ಮೀಟರು, ಎಂದರೆ 1,05,000 ಲೀಟರು. ಆಡುತ್ತಿರುವ ಒಂದು ಮಗು ಗಂಟೆಗೆ ಸುಮಾರು 15 ಲೀಟರು ಇಂಗಾಲಾಮ್ಲ ವಾಯುವನ್ನು ಉಸಿರಿನೊಡನೆ ಬಿಡುವುದೆಂದೂ ದೊಡ್ಡವರು 20 ಲೀಟರು ಬಿಡುವರೆಂದೂ ಇಟ್ಟುಕೊಂಡರೆ ಒಟ್ಟು ಗಂಟೆಗೆ 340 ಲೀಟರಾಯಿತು. ಮಳೆಯೆಂದು ಕಿಟಕಿ ಬಾಗಿಲುಗಳನ್ನೆಲ್ಲ ಬಿಗಿಯಾಗಿ ಮುಚ್ಚಿದರೆ ಒಂದೊಂದು ಗಂಟೆಗೂ ಹತ್ತು ಲಕ್ಷ ಪಾಲಿಗೆ ಸುಮಾರು 3200 ಪಾಲಿನಂತೆ ಅದು ಏರುತ್ತ ಹೋಗುತ್ತದೆ. ಹೊರಗಿನ ಗಾಳಿಯಲ್ಲಿ ಇರುವುದು ಈಗ 420 ಪಾಲಿನಷ್ಟು. ಎರಡೂವರೆ ಗಂಟೆಯ ಕೊನೆಗೆ ಕೋಣೆಯ ಲೆಕ್ಕ 8000ವನ್ನು ದಾಟೀತು. ಸಂದುಗೊಂದುಗಳಿಂದ ಸ್ವಲ್ಪ ಗಾಳಿ ನುಸುಳುವುದರಿಂದ ನಿಜವಾಗಿ ಅಷ್ಟಕ್ಕೆ ಹೋಗಲಾರದಾದರೂ ಲೆಕ್ಕದ ದಿಕ್ಕು ಸ್ಪಷ್ಟವಾಗಿದೆ. ಜರ್ಮನಿಯ ಪೆಟೆನ್‌ಕೋಫರ್ ಎಂಬ ವಿಜ್ಞಾನಿ 1858ರಲ್ಲೇ, ಜನರಿರುವ ಕೋಣೆಯಲ್ಲಿ ಈ ವಾಯು 1000 ಪಾಲನ್ನು ಮೀರಬಾರದೆಂದು ಸೂಚಿಸಿದನು. ಅಷ್ಟು ಪ್ರಮಾಣದಲ್ಲಿ ಇಂಗಾಲಾಮ್ಲವು ವಿಷವೆಂದಲ್ಲ. ಒಬ್ಬರು ಬಿಟ್ಟ ಉಸಿರನ್ನು ಇನ್ನೊಬ್ಬರು ಎಷ್ಟು ಸೇವಿಸುತ್ತಿದ್ದಾರೆಂಬುದಕ್ಕೆ ಅದು ಗುರುತು. ಒಂದು ಮಗುವಿಗೆ ನೆಗಡಿಯೋ ದಡಾರವೋ ಇದ್ದಲ್ಲಿ ಅದರ ಅರ್ಥವೇನೆಂಬುದನ್ನು ವಾಚಕರು ಊಹಿಸಬಹುದು. ಗಂಟೆಗೆ ಆರು ಸಲ ಕೋಣೆಯ ಗಾಳಿ ಪೂರ್ತಿ ಬದಲಾದರೆ ಲೆಕ್ಕ 960ರ ಹತ್ತಿರ ನಿಲ್ಲುತ್ತದೆ. ಎದುರುಬದುರು ಕಿಟಕಿಗಳನ್ನು ತೆರೆದಿಟ್ಟರೆ ಮಂದಮಾರುತವೊಂದೇ ಇಷ್ಟು ಕೆಲಸವನ್ನು ಮಾಡಿಕೊಡುತ್ತದೆ. ಆದುದರಿಂದ ಕೋಣೆಯನ್ನು ಆರಿಸುವಾಗ ಬಣ್ಣದ ಗೋಡೆಗಿಂತ ಮೊದಲು ನೋಡತಕ್ಕುದು, ಕಿಟಕಿಯ ಮೇಲೆ ಇರಚಲು ಬೀಳದಂತೆ ಸೂರು ಮುಂಚಾಚಿದೆಯೇ ಎಂಬುದನ್ನು. ಇರಚಲು ಬೀಳುವ ಕಿಟಕಿಯನ್ನು ಮಳೆಗಾಲದಲ್ಲಿ ಯಾರೂ ತೆರೆಯುವುದಿಲ್ಲವಷ್ಟೆ.

ಶಬ್ದದ ವಿಷಯ ಇದಕ್ಕಿಂತ ಹೆಚ್ಚು ಸ್ವಾರಸ್ಯವಾದುದು. ಇದನ್ನು ಗಮನಿಸುವವರೂ ಕಡಮೆ.

1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಹೊಸದಾಗಿ ಕಟ್ಟಿದ ಒಂದು ಉಪನ್ಯಾಸ ಮಂದಿರವು ನಿರುಪಯುಕ್ತವೆನಿಸಿತು. ಅಲ್ಲಿ ಆಡಿದ ಒಂದು ಮಾತು ಐದಾರು ಸೆಕೆಂಡುಗಳ ಕಾಲ ಗೋಡೆಯಿಂದ ಗೋಡೆಗೆ ಹೊರಳಾಡುತ್ತಿತ್ತು. ಅಷ್ಟರಲ್ಲಿ ಮುಂದಿನ ಹತ್ತು ಮಾತುಗಳು ಅದರ ಮೇಲೆ ಬಿದ್ದು ಎಲ್ಲವೂ ಕಲಸಿಹೋಗುತ್ತಿತ್ತು. ಇದನ್ನು ಸರಿಪಡಿಸುವ ಕೆಲಸ ಸೇಬೈನ್ ಎಂಬ ತರುಣ ಅಧ್ಯಾಪಕನ ಪಾಲಿಗೆ ಬಂದಿತು. ಅವನು ಸಮೀಪದ ರಂಗಮಂದಿರದಿಂದ ಮೆತ್ತೆಗಳನ್ನು ಹೊರಿಸಿ ತಂದು, ರಾತ್ರಿಯ ನಿಶ್ಶಬ್ದದಲ್ಲಿ ಒಂದು ಕೊಳವೆಯನ್ನು ನುಡಿಸಿ, ಸದ್ದು ಅಡಗಲು ಎಷ್ಟು ಹೊತ್ತು ಹಿಡಿಯುವುದೆಂದು ಗಡಿಯಾರ ಹಿಡಿದು ಅಳೆದನು. ಕೋಣೆಯ ಗಾತ್ರ ಹೆಚ್ಚಿದಷ್ಟೂ ಈ ಅನುರಣನ ಹೆಚ್ಚುವುದೆಂದೂ, ಸದ್ದನ್ನು ಹೀರುವ ವಸ್ತುಗಳು ಹೆಚ್ಚಿದಷ್ಟೂ ಅದು ಕುಗ್ಗುವುದೆಂದೂ ಅವನಿಗೆ ತಿಳಿಯಿತು. ಹೀರಿಕೆಯನ್ನು ಅಳೆಯಲು ಅವನು ಆರಿಸಿಕೊಂಡ ಮಾನವು ತೆರೆದ ಕಿಟಕಿ! ತೆರೆದ ಕಿಟಕಿಗೆ ಹೋದ ಸದ್ದು ಮರಳಿ ಬಾರದು. ಆದುದರಿಂದ ಅದು ಪೂರ್ಣ ಹೀರಿಕೆ. ಘನ ಮೀಟರುಗಳಲ್ಲಿ ಕೋಣೆಯ ಗಾತ್ರವನ್ನು 0.161ರಿಂದ ಗುಣಿಸಿ, ಒಟ್ಟು ಹೀರಿಕೆಯಿಂದ ಭಾಗಿಸಿದರೆ ಅನುರಣನದ ಕಾಲ ಸೆಕೆಂಡುಗಳಲ್ಲಿ ದೊರೆಯುತ್ತದೆ.

ನಮ್ಮ ಕೋಣೆಗೆ ಈ ಸೂತ್ರವನ್ನು ಹಚ್ಚೋಣ. ನೆಲ, ಗೋಡೆ, ಛಾವಣಿ ಸೇರಿ 137 ಚದರ ಮೀಟರು. ಸಿಮೆಂಟು ಗಾರೆ ಹೀರುವುದು ನೂರಕ್ಕೆ ಸುಮಾರು 3 ಪಾಲು ಮಾತ್ರ. ಇದರಿಂದ 4.1 ಮಾನ ಬಂದಿತು. ಬರಿದಾದ ಕೋಣೆಯಲ್ಲಿ ಅನುರಣನದ ಕಾಲ 4 ಸೆಕೆಂಡಿಗೂ ಮೇಲು. ಮಕ್ಕಳ ಮೈ ಬಟ್ಟೆಗಳೇ ಸದ್ದನ್ನು ಹೀರುವುದರಿಂದ 20 ಮಕ್ಕಳು ಕುಳಿತರೆ 6 ಮಾನ ಸೇರಿ ಅದು 1.7ಕ್ಕೆ ಇಳಿಯುತ್ತದೆ. ನಾಲ್ಕು ಕಿಟಕಿಗಳನ್ನು ತೆರೆದರೆ 4.8 ಮಾನ ಸೇರಿ 1.1 ಆಗುತ್ತದೆ. ಇನ್ನು ಎರಡು ಗೋಡೆಗಳ ಮೇಲೆ 20 ಚದರ ಮೀಟರಿನಷ್ಟು ಹಳೆಯ ಕೌದಿಗಳನ್ನು, ಗೋಡೆಗೂ ಅದಕ್ಕೂ ನಡುವೆ ನಾಲ್ಕು ಬೆರಳು ಎಡೆ ಬಿಟ್ಟು, ತೂಗುಹಾಕಿರಿ. ಅವು ತಮ್ಮ ಮೇಲೆ ಬಿದ್ದ ಸದ್ದಿನಲ್ಲಿ ಅರ್ಧವನ್ನು ನುಂಗಿದರೂ 10 ಮಾನ ಸೇರಿ ಕಾಲವು 0.7 ಸೆಕೆಂಡಿನ ಹತ್ತಿರ ಬರುತ್ತದೆ. ಮಕ್ಕಳ ತರಗತಿಗೆ 0.6 ಸೆಕೆಂಡನ್ನು ಮೀರಬಾರದೆಂದು ಅಮೆರಿಕದಲ್ಲಿ 2002ರಲ್ಲಿ ನಿಗದಿಪಡಿಸಿದರು. ಅದರ ಸಮೀಪಕ್ಕೆ ನಾವು ಪ್ರತಿ ಮನೆಯ ಅಟ್ಟದಲ್ಲೂ ಬಿದ್ದಿರುವ ಸಾಮಗ್ರಿಯಿಂದಲೇ ಬಂದಂತಾಯಿತು. ಕೌದಿಗಳನ್ನು ಆಗಾಗ ಬಿಸಿಲಿಗೆ ಹಾಕಬೇಕಾದ ಕೆಲಸವೊಂದುಂಟು. ಮಲೆನಾಡಿನ ಸೆರಗಿನಲ್ಲಿ ಬೂಷ್ಟು ಬಿಡುವುದಿಲ್ಲ.

ಇಷ್ಟೆಲ್ಲ ಏತಕ್ಕೆ? ದೊಡ್ಡವರಿಗೆ ಗದ್ದಲದ ನಡುವೆಯೂ ಮಾತು ಅರ್ಥವಾಗುತ್ತದೆ. ಅರ್ಧ ಕೇಳಿಸಿದರೂ ಉಳಿದರ್ಧವನ್ನು ಅವರು ತುಂಬಿಕೊಳ್ಳುತ್ತಾರೆ. ಐದು ವರ್ಷದ ಮಗುವಿಗೆ ತುಂಬಿಕೊಳ್ಳುವಷ್ಟು ಭಾಷೆ ಇನ್ನೂ ಬಂದಿಲ್ಲ. ಮಾತು ಸ್ಪಷ್ಟವಾಗಿ ಕೇಳಿಸಬೇಕಾದರೆ ಅದು ಸುತ್ತಣ ಗದ್ದಲಕ್ಕಿಂತ 15 ಡೆಸಿಬೆಲ್‌ನಷ್ಟು ಮೇಲಿರಬೇಕೆಂಬುದು ಮಕ್ಕಳ ವಿಷಯದಲ್ಲಿ ಸಾಮಾನ್ಯವಾಗಿ ಹಿಡಿಯುವ ಅಳತೆ. ಸಹಜ ದನಿಯ ಮಾತು ಒಂದು ಮೀಟರು ದೂರದಲ್ಲಿ ಸುಮಾರು 60 ಡೆಸಿಬೆಲ್. ದೂರ ಇಮ್ಮಡಿಯಾದಂತೆಲ್ಲ ಅದು 6 ಡೆಸಿಬೆಲ್ ಇಳಿಯುತ್ತದೆ. ನಾವು ತರಗತಿಯಲ್ಲಿ ಹೇಳಿಕೊಡುವ ವಿಲೋಮ ವರ್ಗ ನಿಯಮದ ಫಲವಿದು. ಒಂದೂವರೆ ಮೀಟರಿನಲ್ಲಿ ಮಾತು 56.5ಕ್ಕೆ ಇಳಿದಿರುತ್ತದೆ. ಅಲ್ಲಿ ಕುಳಿತ ಮಗುವಿಗೆ ಅದು ತಿಳಿಯಬೇಕಾದರೆ ಕೋಣೆಯ ಗದ್ದಲ 41ರ ಸುಮಾರಿನಲ್ಲಿರಬೇಕು. ಇಪ್ಪತ್ತು ಮಕ್ಕಳು ಒಟ್ಟಿಗೆ ಹರಟುವ ಕೋಣೆಯಲ್ಲಾದರೋ ಅದು 65ನ್ನೂ ಸುಲಭವಾಗಿ ದಾಟುತ್ತದೆ. ಅಂಥ ಕಡೆ ನೋಡಿಕೊಳ್ಳುವಾಕೆ ದನಿಯೇರಿಸುತ್ತಾಳೆ. ಅದನ್ನು ಮೀರಿಸಲು ಮಕ್ಕಳು ಏರಿಸುತ್ತಾರೆ. ಗದ್ದಲದಲ್ಲಿ ಮನುಷ್ಯ ತನಗರಿವಿಲ್ಲದೆಯೇ ದನಿಯೇರಿಸುವನೆಂಬುದನ್ನು 1911ರಲ್ಲಿ ಫ್ರಾನ್ಸಿನ ವೈದ್ಯ ಲೊಂಬಾರ್ ತೋರಿಸಿಕೊಟ್ಟಿದ್ದನು. ಕೂಗಾಡುವ ಹೆಂಗಸನ್ನು ಕಂಡು ಸಿಡುಕಿಯೆಂದು ತೀರ್ಮಾನಿಸುವ ಮುನ್ನ ಆಕೆ ನಿಂತಿರುವ ಕೋಣೆಯ ಗೋಡೆಯನ್ನೊಮ್ಮೆ ತಟ್ಟಿ ನೋಡುವುದು ನ್ಯಾಯ.

ಇದೇ ಲೆಕ್ಕದಿಂದ ಇನ್ನೊಂದು ಸಂಗತಿಯೂ ಹೊರಡುತ್ತದೆ. ಒಬ್ಬಾಕೆಯ ಸುತ್ತ ಎಷ್ಟು ಮಕ್ಕಳಿರಬಹುದು? ಅಜ್ಜಿ ಜಗುಲಿಯ ಗೋಡೆಗೊರಗಿ ಕತೆ ಹೇಳುವಾಗ ಮಕ್ಕಳು ತಾವಾಗಿಯೇ ಅರ್ಧವೃತ್ತವಾಗಿ ಕೂರುತ್ತವೆ. ಚಕ್ಕಳಮಕ್ಕಳ ಹಾಕಿದ ಮಗುವಿಗೆ 45 ಸೆಂಟಿಮೀಟರು ಎಡೆ ಬೇಕೆಂದಿಟ್ಟುಕೊಳ್ಳಿ. ಒಂದು ಮೀಟರು ತ್ರಿಜ್ಯದ ಅರ್ಧವೃತ್ತದಲ್ಲಿ ಏಳು ಮಕ್ಕಳು ಹಿಡಿಯುತ್ತವೆ. ಒಂದೂವರೆ ಮೀಟರಾದರೆ ಹತ್ತು. ಅದಕ್ಕಿಂತ ಹೊರಗೆ ಕುಳಿತ ಮಗುವಿಗೆ ಸಹಜ ದನಿಯ ಮಾತು ಸಾಲದು. ಅದರ ಮುಖದ ಮೇಲಿನ ಭಾವವೂ ಆಕೆಗೆ ಕಾಣದು. ಇದು ಸ್ಥೂಲವಾದ ಲೆಕ್ಕವೇ ಸರಿ. ಬಯಲಿನ ನಿಯಮವನ್ನು ನಾವು ಕೋಣೆಗೆ ತಂದಿದ್ದೇವೆ, ಸಮೀಪದ ಗೋಡೆಯಿಂದ ಮರಳುವ ಸದ್ದು ಮಾತಿಗೆ ಸ್ವಲ್ಪ ನೆರವಾಗುವುದೂ ಉಂಟು. ಆದರೂ 2009ರ ಶಿಕ್ಷಣ ಹಕ್ಕು ಕಾಯಿದೆ ಕಿರಿಯ ತರಗತಿಗಳಿಗೆ ಹೇಳಿದ 30 ಮಕ್ಕಳಿಗೊಬ್ಬ ಶಿಕ್ಷಕರೆಂಬ ಪ್ರಮಾಣವನ್ನು ಸಂಜೆಯ ಕೂಟಕ್ಕೆ ಹಾಗೆಯೇ ಎತ್ತಿಕೊಳ್ಳಬಾರದೆಂಬುದಕ್ಕೆ ಇಷ್ಟು ಸಾಕು. ದಿನವಿಡೀ ಕುಳಿತು ದಣಿದ ಮಗು ಸಂಜೆ ಬಯಸುವುದು ಪಾಠವನ್ನಲ್ಲ, ತನ್ನ ಮಾತಿಗೆ ಕಿವಿಗೊಡುವವರನ್ನು. ನಮ್ಮ ಕೋಣೆಗೆ ಇಬ್ಬರು ಹೆಂಗಸರು ಬೇಕೆಂದುದು ಈ ಕಾರಣದಿಂದ.

ತಗಡಿನ ಮಾಡಿನ ಕೋಣೆಯಾದರೆ ಮಳೆಗಾಲದಲ್ಲಿ ಈ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಪ್ರತಿ ಹನಿಯೂ ತಗಡನ್ನು ನಗಾರಿಯ ಚರ್ಮದಂತೆ ನಡುಗಿಸುತ್ತದೆ. ಹಂಚು ದಪ್ಪ, ಬಿಡಿಬಿಡಿ. ಆದುದರಿಂದ ಅದರ ಸದ್ದು ಕಡಮೆ. ತಗಡಿನ ಕೆಳಗೆ ಬಿದಿರ ತಟ್ಟಿಯ ಒಳಮಾಡು ಕಟ್ಟಿದರೆ ತಕ್ಕಮಟ್ಟಿಗೆ ಉಪಶಮನವಾದೀತು. ಜಡಿಮಳೆ ಹೊಡೆಯುವಾಗ ಜಾಣೆಯಾದವಳು ಕತೆ ಹೇಳಲು ಹೋಗುವುದಿಲ್ಲ. ಬಳಪ ಕೊಟ್ಟು ನೆಲದ ಮೇಲೆ ಚಿತ್ರ ಬರೆಯಿಸುತ್ತಾಳೆ.

ಬೆಳಕನ್ನು ಕುರಿತು ಎರಡು ಮಾತು. ಒಂಬತ್ತು ವ್ಯಾಟಿನ ಎಲ್‌ಇಡಿ ಬಲ್ಬು ಸುಮಾರು 900 ಲ್ಯೂಮೆನ್ ಬೆಳಕನ್ನು ಕೊಡುತ್ತದೆ. ಅದರಲ್ಲಿ ಅರ್ಧ ನೆಲಕ್ಕೆ ಬಂದು, 30 ಚದರ ಮೀಟರಿನ ಮೇಲೆ ಹರಡಿದರೆ 15 ಲಕ್ಸ್ ಆಯಿತು. ಓದುವುದಕ್ಕೆ ಬೇಕಾದುದು 300. ಮೋಡ ಕವಿದ ಹಗಲಿನಲ್ಲೂ ಹೊರಗೆ ಸಾವಿರಾರು ಲಕ್ಸ್ ಇರುತ್ತದೆ. ಚೀನಾದ ಗ್ವಾಂಗ್‌ಝೌ ನಗರದ 12 ಶಾಲೆಗಳಲ್ಲಿ ನಡೆದು 2015ರಲ್ಲಿ ಪ್ರಕಟವಾದ ಒಂದು ಪ್ರಯೋಗವನ್ನು ಇಲ್ಲಿ ನೆನೆಯಬೇಕು. ಆರು ಶಾಲೆಗಳ ಒಂದನೆಯ ತರಗತಿಯ ಮಕ್ಕಳನ್ನು ದಿನಕ್ಕೆ 40 ನಿಮಿಷ ಹೆಚ್ಚಾಗಿ ಬಯಲಿಗೆ ಬಿಟ್ಟರು. ಮೂರು ವರ್ಷಗಳಲ್ಲಿ ಸಮೀಪದೃಷ್ಟಿ ದೋಷ ಅವರಲ್ಲಿ ನೂರಕ್ಕೆ 30 ಮಂದಿಗೆ ಬಂದಿತು. ಉಳಿದ ಶಾಲೆಗಳಲ್ಲಿ ನೂರಕ್ಕೆ 39ಕ್ಕೂ ಹೆಚ್ಚು ಮಂದಿಗೆ ಬಂದಿತು. ಹೀಗಿರುವಲ್ಲಿ, ನಾಲ್ಕು ಗಂಟೆಗೆ ಶಾಲೆ ಬಿಟ್ಟ ಮಗುವನ್ನು ನಾಲ್ಕೂಕಾಲಿಗೆ ಮತ್ತೆ ಕತ್ತಲೆ ಕೋಣೆಯಲ್ಲಿ ಮಗ್ಗಿಗೆ ಕೂರಿಸುವ ಮನೆಪಾಠದ ಪದ್ಧತಿ ನಮಗೆ ಸ್ವಲ್ಪವೂ ಒಪ್ಪಿಗೆಯಿಲ್ಲ. ಹೊಳವಾಗಿರುವ ಸಂಜೆಗಳಲ್ಲಿ ಕೂಟ ನಡೆಯಬೇಕಾದದ್ದು ಅಂಗಳದಲ್ಲಿ. ಅಂಗಳಕ್ಕೆ ಬೇಲಿ, ಬೇಲಿಗೆ ಒಂದೇ ಬಾಗಿಲು, ಅರ್ಧ ಗಂಟೆಗೊಮ್ಮೆ ತಲೆಯೆಣಿಕೆ. ಇಷ್ಟಿಲ್ಲದ ಅಂಗಳ ಕೆರೆಯ ದಾರಿಯೇ ಆಗುತ್ತದೆ.

ಗಾಳಿ, ಸದ್ದು, ಬೆಳಕು, ಬೇಲಿ ಎಲ್ಲವೂ ಸರಿಯಾಗಿದ್ದೂ ಆರೈಕೆ ನೀರಸವಾಗಿರಬಹುದು. ಅಮೆರಿಕದ ಹತ್ತು ಸ್ಥಳಗಳಲ್ಲಿ 1991ರಲ್ಲಿ ಜನಿಸಿದ 1300ಕ್ಕಿಂತ ಹೆಚ್ಚು ಮಕ್ಕಳನ್ನು ವಿಜ್ಞಾನಿಗಳು ಅವರ ಹದಿಹರೆಯದವರೆಗೆ ಅನುಸರಿಸಿ ನೋಡಿದರು. ಮಗುವಿನ ಬೆಳವಣಿಗೆಗೆ ಎಲ್ಲಕ್ಕಿಂತ ಮುಖ್ಯವಾದುದು ಮನೆಯೇ ಎಂದು ಕಂಡಿತು. ತಾಯಂದಿರಿಗೆ ಇದು ಸಮಾಧಾನದ ಸಂಗತಿ. ಅದರ ನಂತರ, ನೋಡಿಕೊಳ್ಳುವವರ ನಡೆನುಡಿ ಚೆನ್ನಾಗಿದ್ದ ಕಡೆ ಬೆಳೆದ ಮಕ್ಕಳ ಭಾಷೆಯೂ ಬುದ್ಧಿಯೂ ಸ್ವಲ್ಪ ಮುಂದಿದ್ದುವು, ಮತ್ತು ಈ ಅಂತರದ ಗುರುತು ಹದಿನೈದನೆಯ ವಯಸ್ಸಿನಲ್ಲೂ ಪೂರ್ತಿ ಅಳಿದಿರಲಿಲ್ಲ. ಆ ನಡೆನುಡಿಯೆಂದರೇನು? ಮಗು ತೋರಿಸಿದ್ದನ್ನು ನೋಡುವುದು, ಕೇಳಿದ್ದಕ್ಕೆ ಉತ್ತರ ಕೊಡುವುದು, ಅದರ ಅರ್ಧ ಮಾತನ್ನು ಇಡಿಯಾಗಿಸಿ ಮರಳಿಸುವುದು. “ಅಕ್ಕಾ, ಎಲೆ ಮುಳುಗ್ಲಿಲ್ಲ” ಎಂದ ಮಗುವಿಗೆ “ನೀರು ಚೆಲ್ಲಬೇಡ” ಎಂಬುದೂ ಒಂದು ಮಾತೇ. “ಹೌದಲ್ಲಾ, ಕಲ್ಲು ಹಾಕಿದ್ರೆ ಏನಾಗ್ತದೆ, ನೋಡು” ಎಂಬುದು ಇನ್ನೊಂದು.

ಇದನ್ನು ಎಣಿಸಬಹುದು. ತಂದೆತಾಯಿಗಳೋ ಪಂಚಾಯಿತಿಯವರೋ ಕೂಟಕ್ಕೆ ಹೋದಾಗ, ಮೂಲೆಯಲ್ಲಿ ಹತ್ತು ನಿಮಿಷ ಸುಮ್ಮನೆ ಕುಳಿತು ಒಂದು ಕಾಗದದ ಮೇಲೆ ಮೂರು ಗೆರೆ ಎಳೆದುಕೊಳ್ಳಲಿ. ಮಗು ತಾನಾಗಿ ದೊಡ್ಡವರೊಡನೆ ಮಾತು ತೆಗೆದದ್ದು ಎಷ್ಟು ಸಲ? ಅದಕ್ಕೆ ಉತ್ತರ ಬಂದದ್ದು ಎಷ್ಟು ಸಲ? “ಕೂತ್ಕೋ, ಸುಮ್ಮನಿರು, ಮುಟ್ಟಬೇಡ” ಎಂಬ ಅಪ್ಪಣೆಗಳು ಎಷ್ಟು? ಒಂದು ದಿನದ ಎಣಿಕೆಯಿಂದ ಏನನ್ನೂ ತೀರ್ಮಾನಿಸಬಾರದು. ಯಾರಿಗಾದರೂ ತಲೆನೋವಿನ ದಿನವಿರುತ್ತದೆ. ಬೇರೆ ಬೇರೆ ವಾರಗಳಲ್ಲಿ, ಬೇರೆ ಬೇರೆ ಹೊತ್ತಿನಲ್ಲಿ, ಐದಾರು ಸಲ ಎಣಿಸಬೇಕು. ಮಕ್ಕಳು ಮಾತು ತೆಗೆಯುವುದೇ ಅಪರೂಪವಾಗಿದ್ದರೆ ಅದನ್ನು ಶಿಸ್ತೆಂದು ಮೆಚ್ಚಿಕೊಳ್ಳುವ ಮುನ್ನ ಯೋಚಿಸಬೇಕು. ಕೇಳಿದರೆ ಉತ್ತರ ಬಾರದೆಂಬುದನ್ನು ಕಲಿತ ಮಗುವೂ ಸುಮ್ಮನೆಯೇ ಇರುತ್ತದೆ. ಉತ್ತರಗಳು ಕಡಮೆಯಾಗಿ ಅಪ್ಪಣೆಗಳು ಹೆಚ್ಚಿದ್ದರೆ ಆಕೆಯನ್ನು ದೂರುವುದಕ್ಕೆ ಮೊದಲು ಅಂದು ಬಂದಿದ್ದ ಮಕ್ಕಳೆಷ್ಟು, ಕಿಟಕಿ ತೆರೆದಿತ್ತೇ, ಕೌದಿಗಳು ಗೋಡೆಯ ಮೇಲಿದ್ದುವೇ, ಆಕೆಗೆ ಕೊಡಬೇಕಾದ ಸಂಬಳ ಎಷ್ಟು ತಿಂಗಳಿನಿಂದ ನಿಂತಿದೆ ಎಂಬುದನ್ನು ವಿಚಾರಿಸಬೇಕು. ಸಂಬಳ ಬಾರದೆ ವರ್ಷಕ್ಕೆ ಮೂವರು ಬದಲಾಗುವ ಕೂಟದಲ್ಲಿ, ಮಗು ಹೊಸ ದನಿಗೆ ಹೊಂದಿಕೊಂಡು ಮಾತು ತೆಗೆಯುವಷ್ಟರಲ್ಲಿ ಆ ದನಿಯೇ ಬೇರೆಯಾಗಿರುತ್ತದೆ.